ಎಡಗಡೆಯ ಪೆಡಲು

ಯಾರ ಮನೆಗೆ ಹೋದರೂ ಅವರು ಕುರ್ಚಿಯ ಮೇಲೆ ಒಮ್ಮೆಲೇ ಕೂತದ್ದನ್ನು ನಾನು ನೋಡಿಲ್ಲ. ಮೊದಲು ಅದರ ಬೆನ್ನು ಹಿಡಿದು ಅಲುಗಿಸುವರು. ನಾಲ್ಕೂ ಕಾಲು ನೆಲ ಮುಟ್ಟಿವೆ ಎಂದು ಖಾತ್ರಿಯಾದ ಮೇಲೆಯೇ ಕೂರುವರು. ಚಹಾದ ಕಪ್ಪು ಕೈಗೆ ಬಂದರೆ ಅದಕ್ಕೂ ಉಗುರಿನಿಂದ ಒಂದು ಏಟು. ದನಿ ಸ್ವಲ್ಪ ಮಂಕಾಗಿ ಬಂದರೆ, "ಇದರಾಗ ಕೂದಲೆಳಿ ಬಿರುಕು ಐತ್ರೆವಾ, ಬಿಸೀದು ಹಾಕಬ್ಯಾಡ್ರಿ" ಎಂದು ನನ್ನ ಹೆಂಡತಿಗೆ ಹೇಳುವರು. ಆಕೆ ಕಪ್ಪನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಕಾಣದೆ, ಅವರು ಹೋದ ಮೇಲೆ ನಗುತ್ತಿದ್ದಳು. ಅಂಥ ಕಪ್ಪುಗಳಲ್ಲಿ ಕೆಲವು ಎರಡು ತಿಂಗಳೊಳಗೆ ಹಿಡಿಕೆ ಕಳಚಿಕೊಂಡದ್ದುಂಟು. ಕೆಲವು ಇವತ್ತಿಗೂ ಗಟ್ಟಿಯಾಗಿ ನಮ್ಮ ಅಡುಗೆಮನೆಯಲ್ಲಿವೆ.

ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಕುಂದಗೋಳಕ್ಕೂ ಸಂಶಿಗೂ ನಡುವಿನ ರೈಲು ಹಳಿಯ ಮೇಲೆ ಮೂವತ್ತು ವರ್ಷ ನಡೆದವರು. ಆ ಕೆಲಸಕ್ಕೆ ಕೀಮನ್ ಎನ್ನುತ್ತಾರೆ. ಹೆಗಲ ಮೇಲೆ ಉದ್ದ ಹಿಡಿಕೆಯ ಸುತ್ತಿಗೆ, ಚೀಲದಲ್ಲಿ ಕೆಂಪು ಬಾವುಟ. ದಿನಾ ನಸುಕಿಗೆ ಎದ್ದು ತಮ್ಮ ಪಾಲಿನ ಹಳಿಯುದ್ದಕ್ಕೂ ಹೋಗುವುದು, ಹಳಿಯನ್ನು ಹಿಡಿದಿಡುವ ಕಬ್ಬಿಣದ ಚಾವಿಗಳಲ್ಲಿ ಯಾವುದು ಸಡಿಲಾಗಿದೆಯೋ ಅದನ್ನು ಬಡಿದು ಕೂರಿಸುವುದು, ಎಲ್ಲಿ ಬಿರುಕು ಬಿಟ್ಟಿದೆಯೋ ನೋಡುವುದು. ನಿವೃತ್ತರಾಗಿ ಹತ್ತು ವರ್ಷ ಕಳೆದರೂ ಕೈ ಮಾತ್ರ ಬಡಿಯುವುದನ್ನು ಬಿಟ್ಟಿರಲಿಲ್ಲ. ಊರ ಹೊರಗಿನ ಹೊಸ ಪ್ಲಾಟಿನಲ್ಲಿ ನಮ್ಮದೂ ಅವರದೂ ಬಾಜು ಬಾಜು ಮನೆ, ನಡುವೆ ಎದೆಮಟ್ಟದ ಗೋಡೆ. ಮುಂಜಾನೆ ಅವರು ತಮ್ಮ ಮನೆಯ ಬಾಗಿಲು, ಚೌಕಟ್ಟು, ನೀರಿನ ಟಾಕಿ, ಎಮ್ಮೆಯ ಗೂಟ ಎಲ್ಲವನ್ನೂ ಬೆರಳ ಗಂಟಿನಿಂದ ತಟ್ಟುತ್ತ ಒಂದು ಸುತ್ತು ಹಾಕುವ ಸಪ್ಪಳಕ್ಕೇ ನನಗೆ ಎಚ್ಚರವಾಗುತ್ತಿತ್ತು.

ಊರಿನವರಿಗೆ ಅದೊಂದು ತಮಾಷೆ. ಒಮ್ಮೆ ಒಂದು ಮದುವೆಯಲ್ಲಿ ಹಂದರದ ಕಂಬ ತಟ್ಟಿ ನೋಡಿ, ಅದರ ಕೆಳಗೆ ಕೂತು ಉಣ್ಣುತ್ತಿದ್ದ ಮುದುಕಿಯರ ಸಾಲನ್ನೇ ಎಬ್ಬಿಸಿಬಿಟ್ಟರು. ಹಂದರ ಬೀಳಲಿಲ್ಲ. ಸಂಜೆಯವರೆಗೂ ನೆಟ್ಟಗೇ ನಿಂತಿತ್ತು. ಬೀಗರ ಕಡೆಯವರು, "ಏನ್ ಕಾಕಾ, ಎಲ್ಲಿ ಬಿತ್ತು?" ಎಂದು ನಕ್ಕರು.

"ಬೀಳಲಿಲ್ಲ ಅಂದ್ರ ಬೀಳೂದಿಲ್ಲ ಅಂತಲ್ಲ" ಎಂದರು ಕಾಕಾ. ಅವರು ನಗಲಿಲ್ಲ. ಊಟ ಮಾಡದೆ ಮನೆಗೆ ಬಂದರು.

ಒಂದು ಚಳಿಗಾಲದ ಬೆಳಗ್ಗೆ ಹಳಿ ಒಡೆದದ್ದನ್ನು ಕಂಡು, ಬಾವುಟ ಹಿಡಿದು ಎದುರು ಓಡಿ ಗಾಡಿ ನಿಲ್ಲಿಸಿದವರು ಅವರು. ಆ ಮಾತನ್ನು ನನಗೆ ಹೇಳಿದ್ದು ಬೇರೆಯವರು. ನಾನಾಗಿ ಕೇಳಿದಾಗ ಕಾಕಾ ಹೇಳಿದ್ದು ಅದರ ಹಿಂದಿನ ದಿನದ ಕತೆ. "ಹಿಂದಿನ ದಿನಾನ ಆ ಜಾಗಾದಾಗ ನನಗ ದನಿ ಬ್ಯಾರೆ ಕೇಳಿಸಿತ್ರಿ ಸರ. ಬಗ್ಗಿ ನೋಡಬೇಕಾಗಿತ್ತು. ಹಸಿವಾಗಿತ್ತು, ಮನಿಗಿ ಬಂದ್ನಿ. ಮರುದಿನ ಒಂದ ತಾಸು ತಡಾ ಆಗಿದ್ರ?" ಅಷ್ಟು ಹೇಳಿ ಅವರು ತಮ್ಮ ಬಲಗೈಯ ಬೆರಳುಗಳನ್ನು ನೋಡಿಕೊಂಡರು. ಆಮೇಲೆ, ಎಷ್ಟೋ ಸಲ ಕೇಳಿದ ಆ ಮಾತು ಬಂತು: "ಸಡಿಲ ಇದ್ದದ್ದು ಒದರತೈತ್ರಿ. ಮುರಿಯೂದು ಸುಮ್ಮ ಇರತೈತಿ."

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಾನೊಂದು ಸೈಕಲ್ ತರಿಸಿದೆ. ಸಕ್ಕರೆ ಕಾಯಿಲೆ ಶುರುವಾಗಿತ್ತು, ಶಾಲೆ ನಮ್ಮೂರಿನಿಂದ ಎರಡು ಹರದಾರಿ. ಡಾಕ್ಟರು ದಿನಾ ಮೈ ಬೆವರಬೇಕು ಎಂದಿದ್ದರು. ಮೊಬೈಲಿನಲ್ಲಿ ನೋಡಿ ನೋಡಿ, ದಪ್ಪ ಗಾಲಿಯ, ಗೇರಿನ, ಗುಡ್ಡ ಹತ್ತುವ ಸೈಕಲ್ಲನ್ನು ಆರಿಸಿದೆ. ಎರೆಹೊಲದ ನಾಡಿನಲ್ಲಿ ಗುಡ್ಡ ಎಲ್ಲಿದೆ ಎಂದು ಹೆಂಡತಿ ಕೇಳಿದಳು. ಹಳ್ಳಕ್ಕೆ ಇಳಿಯುವ ಉದ್ದದ ಇಳಕಲು ಒಂದಿದೆಯಲ್ಲ, ಬರುವಾಗ ಅದೇ ಏರು ಎಂದೆ.

ಸೈಕಲ್ ಬಂದದ್ದು ಬಾಗಿಲಗಲದ ರಟ್ಟಿನ ಪೆಟ್ಟಿಗೆಯಲ್ಲಿ. ಮುಂದಿನ ಗಾಲಿ, ಹ್ಯಾಂಡಲ್, ಸೀಟು, ಪೆಡಲು ಎಲ್ಲ ಬೇರೆ ಬೇರೆ. ನಾವೇ ಜೋಡಿಸಿಕೊಳ್ಳಬೇಕು. ಕುಂದಗೋಳದ ಸೈಕಲ್ ಅಂಗಡಿಗೆ ಒಯ್ಯೋಣ ಎಂದು ಮಗಳು ಹೇಳಿದಳು. ನಾನು ವಿಜ್ಞಾನದ ಮಾಸ್ತರ. ಸ್ಕ್ರೂ ಒಂದು ಸರಳ ಯಂತ್ರ ಎಂದು ವರ್ಷಾವರ್ಷ ಮಕ್ಕಳಿಗೆ ಬರೆಸುವವನು. ಅಂಗಡಿ ಯಾಕೆ ಬೇಕು? ರವಿವಾರ ಮುಂಜಾನೆ ಮೊಬೈಲನ್ನು ಗೋಡೆಗೆ ಆನಿಸಿ, ವಿಡಿಯೋ ಹಚ್ಚಿ, ಅಂಗಳದಲ್ಲಿ ಕೂತೆ.

ಮೊದಲು ಕೈಗೆ ಬಂದದ್ದು ಪೆಡಲು. ಎಡಗಡೆಯ ಪೆಡಲಿನ ಆಟೆ, ಅಂದರೆ ಸ್ಕ್ರೂವಿನ ಹಲ್ಲು, ಉಲ್ಟಾ ಇರುತ್ತದೆ, ಎಡಕ್ಕೆ ತಿರುವಿದರೆ ಬಿಗಿಯಾಗುತ್ತದೆ. ಅದು ನನಗೆ ಗೊತ್ತಿರಲಿಲ್ಲ ಎಂದಲ್ಲ, ಆ ಹೊತ್ತಿಗೆ ಹೊಳೆಯಲಿಲ್ಲ. ಬಲಗಡೆಯದನ್ನು ಎಡಕ್ಕೆ ಹಚ್ಚಿ ತಿರುವಿದೆ. ಕೂರಲಿಲ್ಲ. ಪಾನಾ ಹಾಕಿ ಮೈಮೇಲಿನ ಬಲವನ್ನೆಲ್ಲ ಬಿಟ್ಟು ತಿರುವಿದೆ. 'ಕಿರ್' ಎಂದು ಒಳಗೆ ಹೋಯಿತು. ಇನ್ನೊಂದನ್ನು ಕೈಗೆ ತೆಗೆದುಕೊಂಡಾಗಲೇ ಅದರ ಮೇಲೆ ಎಡ ಎಂಬ ಗುರುತಿನ ಅಕ್ಷರ ಕಂಡಿತು. ಹಾಕಿದ್ದನ್ನು ಬಿಚ್ಚಿದೆ. ಅದರ ಜೊತೆಗೆ ಬೆಳ್ಳಗಿನ ಲೋಹದ ಪುಡಿ ಉದುರಿತು. ಪೆಡಲು ಕೂರುವ ತೂತಿನೊಳಗಿನ ಹಲ್ಲುಗಳನ್ನು ನಾನು ತಿಂದುಹಾಕಿದ್ದೆ. ಸರಿಯಾದ ಪೆಡಲನ್ನು ಹಚ್ಚಿ ತಿರುವಿದರೆ ಮೊದಲು ಸಲೀಸಾಗಿ ಹೋಯಿತು, ಕೊನೆಗೆ ಹೇಗೋ ಬಿಗಿಯಾಯಿತು. ಮೇಲೆ ಗ್ರೀಸು ಸವರಿದೆ. ನೆಲದ ಪುಡಿಯನ್ನು ಕಾಲಿನಿಂದ ಮಣ್ಣಿಗೆ ಸರಿಸಿದೆ.

ತಲೆ ಎತ್ತಿದರೆ ಗೋಡೆಯ ಮೇಲಿಂದ ಕಾಕಾನ ಮುಖ.

"ಸರ, ನಿಮ್ಮ ಸೈಕಲ್ಲಿಂದು ಮಾರಿ ಹಿಂದಕ್ಕ ತಿರಗೇತಿ."

ನಿಜ. ಮುಂದಿನ ಗಾಲಿ ಹಿಡಿಯುವ ಕವೆಯೇ ಹಿಂದುಮುಂದಾಗಿತ್ತು. ಕಾಕಾ ಗೋಡೆ ಸುತ್ತಿ ಬಂದು ಕೂತರು. ಅಂಥ ಸೈಕಲ್ಲನ್ನು ಅವರು ಹಿಂದೆ ಮುಟ್ಟಿದವರಲ್ಲ. ವಿಡಿಯೋ ಕಡೆಗೂ ನೋಡಲಿಲ್ಲ. ಕವೆಯನ್ನು ತಿರುಗಿಸಿ, ಬ್ರೇಕಿನ ವಾಯರು ಸುತ್ತಿಕೊಳ್ಳದ ಹಾಗೆ ಬಿಟ್ಟು, ಹ್ಯಾಂಡಲ್ ನೆಟ್ಟಗೆ ಮಾಡಿದರು. ಗಾಲಿ ಹಚ್ಚಿ ತಿರುಗಿಸಿ, ಬ್ರೇಕಿನ ತಟ್ಟೆ ಎಲ್ಲಿ ಉಜ್ಜುತ್ತದೆ ಎಂದು ಕಣ್ಣು ಮುಚ್ಚಿ ಕೇಳಿದರು. ಕಡ್ಡಿಗಳನ್ನು ಒಂದೊಂದಾಗಿ ಮೀಟಿ, ಸಡಿಲಿದ್ದ ಮೂರನ್ನು ಹುಡುಕಿ ಬಿಗಿ ಮಾಡಿದರು. ಗೇರಿನ ಹತ್ತಿರವಿದ್ದ ಎರಡು ಸಣ್ಣ ಸ್ಕ್ರೂಗಳನ್ನು ಕಾಲು ಸುತ್ತು ತಿರುವುವುದು, ಚೈನು ಎಲ್ಲಿ ಹತ್ತುತ್ತದೆ ನೋಡುವುದು, ಮತ್ತೆ ಕಾಲು ಸುತ್ತು. ಹೀಗೆ ಎರಡು ತಾಸು. ಚೈನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸಪ್ಪಳವಿಲ್ಲದೆ ಹೋಗುವಂತಾಯಿತು. ಅವರ ಮುಖದಲ್ಲಿ ಎಂದೂ ಕಾಣದ ಒಂದು ಸಂತೋಷ ಕಂಡೆ. ಆಮೇಲೆ ಅವರ ಕೈ ಎಡಗಡೆಯ ಪೆಡಲಿಗೆ ಬಂತು. ಉಗುರಿನಿಂದ ತಟ್ಟಿದರು. ಮತ್ತೊಮ್ಮೆ ತಟ್ಟಿದರು.

"ಪೆಡಲ್ ಹಾಕೂ ಮುಂದ ತ್ರಾಸೇನರ ಆತೇನ್ರಿ ಸರ?"

"ಇಲ್ಲ ಕಾಕಾ. ಸರಳ ಕುಂತ್ವು" ಎಂದೆ.

ಅವರು ನನ್ನ ಕೈಗಳನ್ನು ನೋಡಿದರು. "ಆತು" ಎಂದು ಎದ್ದರು.

ಯಾಕೆ ಹಾಗೆ ಹೇಳಿದೆ ಎಂದು ಈಗ ನೂರು ಸಲ ಕೇಳಿಕೊಂಡಿದ್ದೇನೆ. ನಾಲ್ಕನೆಯ ಇಯತ್ತೆ ಓದಿದ ರೈಲು ಗ್ಯಾಂಗಿನ ಮನುಷ್ಯನೆದುರು, ನಾನು ಮಕ್ಕಳಿಗೆ ಕಲಿಸುವ ಪಾಠದಲ್ಲೇ ನಾನು ತಪ್ಪಿದೆ ಎನ್ನುವುದು ನನ್ನಿಂದ ಆಗಲಿಲ್ಲ. ಬೇರೆ ಕಾರಣ ಹುಡುಕಿದರೆ ಅದು ಸುಳ್ಳಾದೀತು.

ಮೊದಲ ವಾರ ಚೆನ್ನಾಗಿತ್ತು. ಎರಡನೆಯ ವಾರ ಸಪ್ಪಳ ಶುರುವಾಯಿತು. ಎಡಗಾಲು ಕೆಳಗೆ ಬಂದಾಗಲೆಲ್ಲ 'ಟಕ್'. ಒಂದು ಸುತ್ತಿಗೆ ಒಂದು 'ಟಕ್'. ನಾನು ಗೇಟು ದಾಟುವ ಹೊತ್ತಿಗೆ ಕಾಕಾ ತಮ್ಮ ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದರು.

"ಸರ, ಎಡಕ್ಕ ಏನೋ ಐತ್ರಿ."

"ಹೊಸಾದಲ್ರಿ ಕಾಕಾ, ಹೊಂದಿಕೋಬೇಕು."

ಮರುದಿನ ಮತ್ತೆ, "ಸರ, ಒಂದೀಟು ನಿಂದರ್ರಿ, ನೋಡತೀನಿ." ನನಗೆ ಹೊತ್ತಾಗಿದೆ ಎಂದೆ. ಮೂರನೆಯ ದಿನ ಅವರು ಏನೂ ಕೇಳಲಿಲ್ಲ. ಕಿವಿ ನನ್ನ ಕಡೆ ಮಾಡಿ, ನಾನು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದರು. ಬೆನ್ನ ಮೇಲೆ ಆ ಕಿವಿಯ ಭಾರ ನನಗೆ ಗೊತ್ತಾಗುತ್ತಿತ್ತು. ಆಮೇಲೆ ಎರಡು ದಿನ ನಾನು ಸೈಕಲ್ಲನ್ನು ತಿರುವಿನ ತನಕ ನೂಕಿಕೊಂಡು ಹೋಗಿ ಹತ್ತಿದೆ.

ಶುಕ್ರವಾರ ನಳಕ್ಕೆ ಸುತ್ತುವ ಬಿಳಿ ಟೇಪು ತಂದೆ. ಪೆಡಲು ಬಿಚ್ಚಿ, ಅದರ ಆಟೆಗೆ ನಾಲ್ಕು ಸುತ್ತು ಟೇಪು ಸುತ್ತಿ, ಮತ್ತೆ ತಿರುವಿ ಕೂರಿಸಿದೆ. ಸಪ್ಪಳ ನಿಂತುಹೋಯಿತು. ಶನಿವಾರ ಮುಂಜಾನೆ ಶಾಲೆಗೆ ಹೊರಟಾಗ ಧೈರ್ಯವಾಗಿ ಅಂಗಳದಿಂದಲೇ ಹತ್ತಿದೆ. ಕಾಕಾ ಎದ್ದು ನಿಂತರು.

"ಸಪ್ಪಳ ನಿಂತೈತಿ?"

"ನಾ ಹೇಳಿದ್ನಲ್ಲ, ಹೊಂದಿಕೊಂತು."

ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಮುಖ ಕಪ್ಪಿಟ್ಟಿತು. ಕಟ್ಟೆಯ ಮೇಲೆ ಕೂತರು, ಈ ಸಲ ಕಟ್ಟೆಯನ್ನು ತಟ್ಟದೆ.

ಅವತ್ತು ಸಂಜೆ ಅಂಗಳದಲ್ಲಿ ಮಗಳು ಗಂಟು ಬಿದ್ದಳು. ಪಿಯುಸಿ ಓದುವವಳು, ಅದೇ ಹಳ್ಳದ ಇಳಕಲು ದಾಟಿ ಬಸ್ಸಿನ ಗದ್ದಲದಲ್ಲಿ ಕುಂದಗೋಳಕ್ಕೆ ಹೋಗಿ ಬೇಸತ್ತಿದ್ದಳು. "ಅಪ್ಪಾ, ಸೋಮವಾರ ಒಂದ ದಿವಸ ಸೈಕಲ್ ನಾ ಒಯ್ಯತೀನಿ" ಎಂದಳು. ಒಯ್ಯಿ ಎಂದೆ. ಸಪ್ಪಳ ಇಲ್ಲವಲ್ಲ, ಗಟ್ಟಿಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಒಂದೇ ದಿನದಲ್ಲಿ ಅದನ್ನು ನಂಬಿಯೂ ಬಿಟ್ಟಿದ್ದೆ. ಗೋಡೆಯಾಚೆ ಕಾಕಾ ಎಮ್ಮೆಗೆ ಹೊಟ್ಟು ಹಾಕುತ್ತಿದ್ದರು.

ರವಿವಾರ ಮುಂಜಾನೆ ಅವರು ಬಂದರು. ತಲೆಗೆ ಮಫ್ಲರು, ಕಾಲಿಗೆ ನೌಕರಿಯ ಕಾಲದ ಬೂಟು.

"ಸರ, ಸೈಕಲ್ ಕೊಡ್ರಿ. ಒಂದ ಸುತ್ತು ಹಾಕ್ಕೊಂಡು ಬರತೀನಿ."

"ಈ ವಯಸ್ಸಿನಾಗ ಯಾಕ್ರಿ ಕಾಕಾ?"

"ಹಳ್ಳದ ಮಟಾ ಹೋಗಿ ಬರತೀನಿ. ಇಳಕಲದಾಗ ಹೆಂಗ ಓಡತೈತಿ ನೋಡೂಣು."

ಸೈಕಲ್ಲಿನ ಮೇಲೆ ಕೈಯಿಟ್ಟು ಅವರು ನನ್ನ ಮುಖ ನೋಡುತ್ತ ನಿಂತರು. ಬಹಳ ಹೊತ್ತೆನಿಸಿತು. ನನ್ನ ಬಾಯಿ ತೆರೆದಿತ್ತು. "ಹುಷಾರ್ರಿ" ಎಂದಷ್ಟೇ ಅದರಿಂದ ಬಂತು. ಕಾಕಾ ತಲೆಯಾಡಿಸಿ, ಸೈಕಲ್ಲನ್ನು ಗೇಟಿನ ಹೊರಗೆ ನೂಕಿಕೊಂಡು ಹೋದರು.

ನಾನು ಪೇಪರ್ ಹಿಡಿದು ಕೂತೆ. ಒಂದಕ್ಷರ ಓದಲಿಲ್ಲ. ಹೆಂಡತಿ ಉಪ್ಪಿಟ್ಟು ತಂದಿಟ್ಟಳು, ಆರಿತು. ಹಳ್ಳಕ್ಕೆ ಹೋಗಿ ಬರಲು ಇಪ್ಪತ್ತು ನಿಮಿಷ ಸಾಕು. ಮುಕ್ಕಾಲು ತಾಸಾಯಿತು. ಗೇಟಿಗೆ ಬಂದು ನಿಂತೆ. ರಸ್ತೆಯಲ್ಲಿ ಯಾರೂ ಇಲ್ಲ, ಎರಡೂ ಕಡೆ ಜೋಳ ಅಲ್ಲಾಡುತ್ತಿತ್ತು. ಆಗ ಪರಿಚಯದವನೊಬ್ಬ ಮೋಟರ್ ಸೈಕಲ್ಲಿನ ಮೇಲೆ ಬಂದ. ಇಳಿಯಲೇ ಇಲ್ಲ.

"ಸರ, ಹತ್ರಿ ಲಗೂನ. ಕಾಕಾ ಬಿದ್ದಾರ."

ಇಳಕಲಿನ ಕೊನೆಗೆ, ಸೇತುವೆಯ ಗೋಡೆಯ ಬುಡದಲ್ಲಿ ಅವರು ಬಿದ್ದಿದ್ದರು. ಎಡಗಾಲಿನ ಮೇಲೆ ಭಾರ ಹಾಕಿ ನಿಂತಾಗ ಪೆಡಲು ಕಿತ್ತುಕೊಂಡು ಬಂದಿತ್ತು. ಕಾಲು ಒಂದು ನಮೂನೆ ಹೊರಳಿತ್ತು. ಕೂಗಾಟವಿಲ್ಲ. ಹೊಲದಿಂದ ಓಡಿಬಂದ ಹತ್ತು ಜನ ಸುತ್ತ ನಿಂತಿದ್ದರು. ಕಾಕಾನ ಮುಷ್ಟಿಯಲ್ಲಿ ಪೆಡಲು ಇತ್ತು, ಹರಿದ ಬಿಳಿ ಟೇಪು ಬೆರಳ ಸಂದಿಯಿಂದ ಜೋತಾಡುತ್ತಿತ್ತು. ನಾನು ಬಗ್ಗಿದೆ. ಅವರು ನನ್ನನ್ನೇ ನೋಡುತ್ತ, ನಿಂತವರಿಗೆ ಕೇಳುವಂತೆ ಹೇಳಿದರು:

"ಬಿಗಿ ಮಾಡೂದು ಮರತಿದ್ನಿ. ನಂದ ತಪ್ಪು."

ಹೇಳಿ, ಪೆಡಲನ್ನು ಅಂಗಿಯ ಕಿಸೆಯೊಳಗೆ ಹಾಕಿಕೊಂಡರು.

ಟೊಂಕದ ಎಲುಬು ಮುರಿದಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಮನೆಗೆ ಕರೆತಂದ ಮೇಲೆ ಅವರು ಹಾಸಿಗೆ ಬಿಟ್ಟು ಸರಿಯಾಗಿ ಏಳಲೇ ಇಲ್ಲ. ಊರಲ್ಲಿ ಮಾತು ಹಬ್ಬಿತು. ಚಹಾದ ಅಂಗಡಿಯಲ್ಲಿ ನನ್ನೆದುರಿಗೇ ಒಬ್ಬ, "ಊರ ಮಂದಿ ಬೋಗಾಣಿ ಎಲ್ಲಾ ಬಡದ ನೋಡತಿದ್ದ ಮುದುಕ, ಒಂದ ಪೆಡಲ್ ಬಿಗಿ ಮಾಡಾಕ ಆಗಲಿಲ್ಲ ನೋಡ್ರಿ" ಎಂದ. ಎಲ್ಲರೂ ನಕ್ಕರು. ಇನ್ನೊಬ್ಬ, "ಹಳಿ ಮ್ಯಾಲೂ ಹಿಂಗ ಮಾಡತಿದ್ನೋ ಏನೋ, ದೇವರ ದಯೆ ಗಾಡಿ ಓಡಿದ್ವು" ಎಂದ. ನಾನು ಚಹಾ ಕುಡಿದೆ. ಕಪ್ಪು ಕೆಳಗಿಟ್ಟು ಎದ್ದು ಬಂದೆ. ಆ ಮಾತು ಕಾಕಾನ ಕಿವಿಗೂ ಬಿದ್ದಿತೆಂದು ಆಮೇಲೆ ತಿಳಿಯಿತು. ಮೂವತ್ತು ವರ್ಷ ನಡೆದ ಹಳಿಯನ್ನೇ ಊರು ಅವರಿಂದ ಕಿತ್ತುಕೊಂಡಿತ್ತು.

ದಿನಾ ಸಂಜೆ ಅವರ ಹತ್ತಿರ ಹೋಗಿ ಕೂರುತ್ತಿದ್ದೆ. ನಾನು ಬಂದ ಕೂಡಲೇ ಕಾಕು, ಅಂದರೆ ಅವರ ಹೆಂಡತಿ, ಎದ್ದು ಹಿತ್ತಲಿಗೆ ಹೋಗುವರು. ಚಹಾ ಕೇಳುವುದನ್ನೂ ಬಿಟ್ಟಿದ್ದರು. ಯುಗಾದಿಯ ಹೊತ್ತಿಗೆ ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಉಲ್ಟಾ ಹಾಕಿದ್ದು, ಪುಡಿ ಮುಚ್ಚಿದ್ದು, ಟೇಪು ಸುತ್ತಿದ್ದು.

ಕಾಕಾ ಮೇಲೆ ತಗಡಿನ ಚಾವಣಿಯ ಕಡೆ ನೋಡುತ್ತ ಕೇಳಿದರು. "ಗೊತ್ತಿತ್ರಿ. ಅವತ್ತ ನಿಮ್ಮ ಉಗುರಾಗ ಬೆಳ್ಳಗ ಹೊಳೀತಿತ್ತು."

"ಮತ್ಯಾಕ ಸುಮ್ಮ ಇದ್ರಿ?"

"ನೀವ ಹೇಳ್ತೀರಿ ಅಂತ. ಇಂದ ಹೇಳ್ತಾರ, ನಾಳೆ ಹೇಳ್ತಾರ ಅಂತ ಕಾದ್ನಿ. ಸಾಲಿ ಕಲಸೂ ಮಂದಿಗೆ ನೀವು ಸುಳ್ಳ ಹೇಳಾಕತ್ತೀರಿ ಅಂತ ಹೆಂಗ ಅನ್ನೂದು?" ಹೊದಿಕೆ ಸರಿಮಾಡಿಕೊಳ್ಳುತ್ತ ಹೇಳಿದರು, "ಸೋಮವಾರ ಮಗಳು ಒಯ್ಯತಾಳ ಅಂದ ಮ್ಯಾಲ ಕಾಯಾಕ ಬರತಿರಲಿಲ್ಲ. ಅಕಿ ಏರೂಕ್ಕಿಂತ ಮೊದಲ ನಾ ಏರಿ ನೋಡಬೇಕಾತು."

ಅವತ್ತಿನವರೆಗೆ ನಾನು ಅವರು ಬಿದ್ದದ್ದನ್ನು ನನ್ನ ಸುಳ್ಳಿಗೆ ಮಾತ್ರ ಜೋಡಿಸಿದ್ದೆ. ಇಳಕಲಿನ ಕೊನೆಯ ಆ ಗೋಡೆಯ ಬುಡದಲ್ಲಿ ಯಾರು ಬೀಳಬೇಕಾಗಿತ್ತು ಎಂಬುದನ್ನು ಯೋಚಿಸಲು ಮನಸ್ಸನ್ನು ಬಿಟ್ಟಿರಲಿಲ್ಲ.

"ತಪ್ಪು ನಿಮ್ಮ ಮ್ಯಾಲ ಯಾಕ ಹಾಕ್ಕೊಂಡ್ರಿ ಕಾಕಾ?"

"ನೋಡಿ ಬಿಟ್ಟಾಂವ ನಾನಲ್ರಿ? ಕಡೀಕ ಯಾರು ನೋಡತಾರ ಅವರದ ಜವಾಬ್ದಾರಿ. ಲೈನಿನ ಮ್ಯಾಲ ಹಂಗ ಇತ್ತು."

"ನಾ ಮಂದಿಗೆ ಹೇಳಲಿ?"

ಅವರು ಮೊದಲ ಸಲ ನನ್ನ ಕಡೆ ತಿರುಗಿದರು. "ಅದು ನನ್ನ ಕೇಳೂ ಮಾತಲ್ರಿ ಸರ."

ಬೇಡ ಎಂದಿರಲಿಲ್ಲ. ನಾನು ಅದನ್ನು ಬೇಡ ಎಂದೇ ತೆಗೆದುಕೊಂಡೆ. ಮುಂದಿನ ವಾರ ಹೇಳಿದರಾಯಿತು, ಅವರು ಎದ್ದು ಓಡಾಡುವಂತಾದ ಮೇಲೆ ಹೇಳಿದರಾಯಿತು ಎಂದು ದಿನ ದೂಡಿದೆ. ಮಳೆ ಹಿಡಿದ ಮೇಲೆ ಅವರ ಎದೆಯಲ್ಲಿ ಕಫ ಕಟ್ಟಿತು. ಮಾತು ಕಡಿಮೆಯಾಯಿತು. ಕೊನೆಕೊನೆಗೆ ಕೈಗೆ ಸಿಕ್ಕ ಮಂಚದ ಪಟ್ಟಿಯನ್ನು ಬೆರಳಿನಿಂದ ತಟ್ಟುತ್ತಿದ್ದರು, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ. ಒಂದು ಮುಂಜಾನೆ ಅದೂ ನಿಂತಿತು.

ನುಡಿನಮನ ಇಟ್ಟುಕೊಂಡರು. ಬಾಜು ಮನೆಯವನು, ಮಾಸ್ತರ, ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದರು. ಅವತ್ತು ಮುಂಜಾನೆ ನಾನು ಕಾಕುವಿನ ಹತ್ತಿರ ಹೋದೆ. ಅವರು ಜೋಳ ಹಸನು ಮಾಡುತ್ತಿದ್ದರು. ನಡೆದದ್ದನ್ನು ಹೇಳಿ, ಸಂಜೆ ಎಲ್ಲರ ಮುಂದೆ ಇದನ್ನೇ ಹೇಳಬೇಕೆಂದಿದ್ದೇನೆ ಎಂದೆ. ಮೊರದ ಮೇಲೆ ಅವರ ಕೈ ನಿಲ್ಲಲಿಲ್ಲ.

"ಗೊತ್ತೈತ್ರಿ. ಅವರು ಬಿಗಿ ಮಾಡೂದು ಮರತಾರ ಅಂದ್ರ ನಾ ನಂಬತೀನೇನು? ದಿನಾ ಬರತಿದ್ರಿ. ಇಂದರ ಊರ ಮಂದಿಗೆ ಹೇಳ್ತೀನಿ ಅಂತೀರೇನೋ ಅಂತ ಹಿತ್ತಲದಾಗ ನಿಂತ ಕೇಳತಿದ್ನಿ. ಅವರಿದ್ದಾಗ ಊರಾಗ ಒಂದ ಮಾತು ಹೇಳಿದ್ರ, ಮಾನದಿಂದ ಸಾಯತಿದ್ರು."



"ಹೇಳ್ರಿ" ಎಂದರು ಕಾಕು, ಕಲ್ಲೊಂದನ್ನು ಆರಿಸಿ ಎಸೆಯುತ್ತ. "ಆದ್ರ ಅವರು ನಿಮಗ ಕ್ಷಮಾ ಮಾಡಿದ್ರು ಅಂತ ಮಾತ್ರ ಹೇಳಬ್ಯಾಡ್ರಿ."

ಸಂಜೆ ಅವರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಬುದ್ಧನ ಚಿತ್ರದ ಬಾಜು ಕಾಕಾನ ಫೋಟೋ, ಮುಂದೆ ಮೇಣಬತ್ತಿ. ಚಹಾದ ಅಂಗಡಿಯಲ್ಲಿ ನಕ್ಕವರೂ ಬಂದಿದ್ದರು. ನಾನು ಎದ್ದು ನಿಂತು ಹೇಳಿದೆ. ಏನನ್ನೂ ಬಿಡಲಿಲ್ಲ, ಮಗಳ ಮಾತನ್ನೂ ಬಿಡಲಿಲ್ಲ. ಎರಡು ಸಲ ನಿಂತು ಮತ್ತೆ ಶುರು ಮಾಡಿದೆ. ಕ್ಷಮೆಯ ಮಾತು ಆಡಲಿಲ್ಲ. ಕಾಕು ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದರು.

ಆಗ ಊರ ಹಿರಿಯರೊಬ್ಬರು ಎದ್ದು ಮೈಕು ತೆಗೆದುಕೊಂಡರು.

"ತಪ್ಪು ಯಾರ ಮಾಡೂದಿಲ್ರಿ? ಆದ್ರ ಇಷ್ಟ ಮಂದಿ ಮುಂದ ಒಪ್ಪಿಕೋಬೇಕಂದ್ರ ಎಂಥಾ ದೊಡ್ಡ ಮನಸ್ಸು ಬೇಕು! ಇಂಥಾ ಗುರುಗಳು ನಮ್ಮೂರಿಗೆ ಸಿಕ್ಕಿದ್ದು ನಮ್ಮ ಪುಣ್ಯಾ."

ಹಿಂದಿನಿಂದ ಒಬ್ಬ ಚಪ್ಪಾಳೆ ತಟ್ಟಿದ. ಅವನನ್ನು ನೋಡಿ ಇನ್ನೊಬ್ಬ, ಆಮೇಲೆ ಸಾಲು ಸಾಲೇ. ಬೇಡ ಎಂದು ನಾನು ಕೈ ಎತ್ತಿದೆ. ಅದನ್ನು ವಿನಯ ಎಂದುಕೊಂಡು ಇನ್ನಷ್ಟು ಜೋರಾಗಿ ತಟ್ಟಿದರು.

ಕಾಕು ಎದ್ದರು. ಯಾರ ಮುಖವನ್ನೂ ನೋಡದೆ ಮೇಜಿನ ಹತ್ತಿರ ಹೋಗಿ, ಗಂಡನ ಫೋಟೋವನ್ನು ಎತ್ತಿ ಎದೆಗೆ ಅವಚಿಕೊಂಡು ಒಳಗೆ ನಡೆದು ಬಾಗಿಲು ಹಾಕಿಕೊಂಡರು. ಹೊರಗೆ ಚಪ್ಪಾಳೆ ಇನ್ನೂ ನಡೆದಿತ್ತು.